ಮೊದಲ ಬಾಗಿನದ ಗೋದಮ್ಮ

ಚಾಮರಾಜಪೇಟೆಯ ಐದನೇ ಮೇನಿನಲ್ಲಿ ಗೌರಿಹಬ್ಬದ ಬೆಳಿಗ್ಗೆ ಯಾರ ಮನೆಯ ಮೊದಲ ಬಾಗಿನವಾದರೂ ಗೋದಮ್ಮನಿಗೇ ಸಲ್ಲಬೇಕು. ಯಾವ ಶಾಸ್ತ್ರವೂ ಹಾಗೆ ಹೇಳಿಲ್ಲ, ಯಾವ ಪುರೋಹಿತರೂ ವಿಧಿಸಿಲ್ಲ. ಆದರೂ ಬೀದಿಯ ಹೆಂಗಸರು ಎರಡು ಮೊರ ಜೋಡಿಸಿ, ಒಳಗೆ ಬಳೆ ಬಿಚ್ಚೋಲೆ, ಬೇಳೆ ಬೆಲ್ಲ, ಕನ್ನಡಿ, ರವಿಕೆ ಕಣ ಇಟ್ಟು, ಅರಿಶಿನದ ದಾರ ಸುತ್ತಿ ಅವಳಿಗಾಗಿ ಕಾದು ಕೂರುತ್ತಿದ್ದರು. ಅವಳು ಬಂದು, ಮೊರವನ್ನು ಸೆರಗಿನಡಿ ಹಿಡಿದು, "ಮುತ್ತೈದೆಯಾಗಿ ನೂರು ವರ್ಷ ಬಾಳಮ್ಮ" ಎಂದ ಮೇಲೆಯೇ ಮಿಕ್ಕವರ ಸರದಿ. ಹೊಸದಾಗಿ ಬಾಡಿಗೆಗೆ ಬಂದವರು ಯಾರಾದರೂ ತಿಳಿಯದೆ ಬೇರೊಬ್ಬರಿಗೆ ಮೊದಲು ಕೊಟ್ಟರೆ ಗೋದಮ್ಮ ಸಿಟ್ಟಾಗುತ್ತಿರಲಿಲ್ಲ. ನಕ್ಕು ಸುಮ್ಮನಾಗುತ್ತಿದ್ದಳು. ಆ ನಗು ಕಂಡವರು ಮರುವರ್ಷ ತಪ್ಪು ಮಾಡುತ್ತಿರಲಿಲ್ಲ.

ಅವಳಲ್ಲಿ ಏನಿತ್ತು ಅಂಥದ್ದು? ಗಂಡ ಗಟ್ಟಿಮುಟ್ಟಾಗಿ ಬದುಕಿದ್ದ. ಒಬ್ಬ ಮಗ, ಬ್ಯಾಂಕಿನ ಕೆಲಸ. ಸೊಸೆ, ಮೊಮ್ಮಗಳು, ಎಲ್ಲ ಒಂದೇ ಸೂರಿನಡಿ. ಆರತಿ ಹಾಡು ಹೇಳಲು ಕುಳಿತರೆ ಮೈಕು ಬೇಡದ ಕಂಠ. ಇವೆಲ್ಲ ಬಾಯಿಬಿಟ್ಟು ಹೇಳುವ ಗುಣಗಳು. ಹೇಳದೆ ಎಲ್ಲರೂ ಲೆಕ್ಕಕ್ಕೆ ಹಿಡಿದಿದ್ದ ಗುಣ ಇನ್ನೊಂದಿತ್ತು. ಅವಳ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಮಗಳ ಮದುವೆಯ ದಿನ ಆರತಿ ಎತ್ತಬೇಕಾದವಳು "ಅಯ್ಯೋ, ಇವತ್ತು ನಾನು ಹೊರಗೆ ಕಣ್ರೀ" ಎಂದು ಫೋನು ಮಾಡಿದರೆ ಹೆತ್ತವಳ ಎದೆ ಒಡೆಯುತ್ತದೆ. ಗೋದಮ್ಮನ ವಿಷಯದಲ್ಲಿ ಆ ಭಯವಿರಲಿಲ್ಲ. ಯಾವ ಮುಹೂರ್ತಕ್ಕೆ ಕರೆದರೂ ಮಡಿಸೀರೆ ಉಟ್ಟು ಬಂದುಬಿಡುತ್ತಿದ್ದಳು. ಬಸವನಗುಡಿ, ಮಲ್ಲೇಶ್ವರದ ಛತ್ರಗಳವರೆಗೆ ಅವಳ ಹೆಸರು ಹಬ್ಬಿತ್ತು.

ಹುಟ್ಟಿದ್ದು ನಗರ್ತಪೇಟೆಯ ಒಂದು ಓಣಿಯಲ್ಲಿ. ಅಪ್ಪನದು ಪೂಜಾ ಸಾಮಾನಿನ ಸಣ್ಣ ಅಂಗಡಿ. ಸಾಲಾಗಿ ಹುಟ್ಟಿದ ಹೆಣ್ಣುಗಳಲ್ಲಿ ಇವಳು ಕೊನೆಯವಳು, ಯಾರ ಕಣ್ಣಿಗೂ ಬೀಳದವಳು. ಬಿ.ಎ. ಮುಗಿಯುವ ಮೊದಲೇ ಶೀನಣ್ಣನಿಗೆ ಕೊಟ್ಟು ಮದುವೆ ಮಾಡಿದರು. ಶೀನಣ್ಣ ಒಂದು ಊದುಬತ್ತಿ ಕಂಪನಿಯಲ್ಲಿ ಊರೂರು ಸುತ್ತಿ ಆರ್ಡರ್ ಹಿಡಿಯುವ ಕೆಲಸದಲ್ಲಿದ್ದ. ಅರ್ಧ ತಿಂಗಳು ಹುಬ್ಬಳ್ಳಿ, ಸಾಂಗ್ಲಿ, ಕೊಲ್ಹಾಪುರ. ಅವನು ಹೊರಡುವಾಗ ಗೋದಮ್ಮ ಕೋಡುಬಳೆ ಕರಿದು ಡಬ್ಬಿಗೆ ತುಂಬಿ ಕೊಡುತ್ತಿದ್ದಳು. ಬಂದಾಗ ಬಿಸಿನೀರು ಕಾಯಿಸಿ ಕಾಲಿಗೆ ಕೊಡುತ್ತಿದ್ದಳು. "ನಮ್ಮನೆಯವರು ಸಿಗರೇಟು ಮುಟ್ಟಿದವರಲ್ಲ, ಲಾಡ್ಜಿನ ಕಾಫಿ ಕೂಡ ಅವರಿಗೆ ಸೇರಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಲಾಡ್ಜಿನಲ್ಲಿ ಕಾಫಿಯೊಂದೇ ಸಿಗುತ್ತದೆ ಎಂದು ಅವಳು ತಿಳಿದಿದ್ದಳು.

ಯಾರ ಕಣ್ಣಿಗೂ ಬೀಳದಿದ್ದ ಹುಡುಗಿಗೆ ಮುತ್ತೈದೆತನ ಪಟ್ಟ ಕಟ್ಟಿತು. ಪಟ್ಟ ಸಿಕ್ಕವರು ಸುಮ್ಮನಿರುತ್ತಾರೆಯೇ? ಎದುರು ಮನೆಯ ಆಂಡಾಳ್ ಎಂಬಾಕೆಯ ತಂಗಿಯನ್ನು ಗಂಡ ಬಿಟ್ಟಿದ್ದ. ಒಂದು ನಾಮಕರಣದಲ್ಲಿ ಆ ಹೆಣ್ಣುಮಗಳು ಪಾಪ ಆರತಿ ತಟ್ಟೆಯ ಒಂದು ತುದಿ ಹಿಡಿದುಕೊಂಡಳು. ಗೋದಮ್ಮ ಸಕ್ಕರೆಯಂಥ ದನಿಯಲ್ಲಿ, ನಡುಮನೆಗೆಲ್ಲ ಕೇಳುವ ಹಾಗೆ, "ನೀನು ಊಟದ ಕಡೆ ಹೋಗಮ್ಮ, ಅಲ್ಲಿ ಬಡಿಸೋಕೆ ಕೈ ಸಾಲ್ತಿಲ್ಲ" ಎಂದಳು. ತಟ್ಟೆ ಬಿಟ್ಟು ಹೋದವಳು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಆಗ ಆಂಡಾಳ್ ಕೂಡ ಎಲ್ಲರ ಜೊತೆ ಸೇರಿ ನಕ್ಕಿದ್ದಳು. ಹಿಂಸೆ ಮಾಡುವವರಿಗೆ ಕತ್ತಿ ಬೇಕಿಲ್ಲ, ಒಂದು ಹರಿವಾಣ ಸಾಕು.

ಅರವತ್ತು ದಾಟಿದ ವರ್ಷ ಗೋದಮ್ಮನಿಗೆ ಮತ್ತೆ ರಕ್ತ ಕಾಣಿಸಿತು.

ಮೊದಲು ಚುಕ್ಕೆ. ಉಷ್ಣ ಎಂದುಕೊಂಡು ಎಳನೀರು ಕುಡಿದಳು. ಆಮೇಲೆ ಚುಕ್ಕೆ ಹೋಗಿ ಬಟ್ಟೆ ಒದ್ದೆಯಾಗತೊಡಗಿತು. ಬೇರೆ ಯಾರೇ ಆಗಿದ್ದರೂ ಸೊಸೆಗೋ ಡಾಕ್ಟರಿಗೋ ಹೇಳುತ್ತಿದ್ದರು. ಗೋದಮ್ಮ ಹೇಳುವುದು ಹೇಗೆ? ರಕ್ತ ಎಂದರೆ ಮುಟ್ಟು, ಮುಟ್ಟು ಎಂದರೆ ಮೈಲಿಗೆ, ಮೈಲಿಗೆಯ ಹೆಂಗಸು ಹಸೆಯ ಹತ್ತಿರ ಸುಳಿಯುವಂತಿಲ್ಲ. ಮುಂದೆ ಮದುವೆಗಳ ಸಾಲೇ ಇತ್ತು, ಎಲ್ಲ ಕಡೆಯೂ ಒಪ್ಪಿಕೊಂಡಾಗಿತ್ತು. ಹಳೆಯ ಪಂಚೆ ಹರಿದು ಮಡಿಸಿ ಕಟ್ಟಿಕೊಂಡಳು, ಮೇಲೆ ಮಡಿಸೀರೆ ಉಟ್ಟಳು, ಹೋಗಿ ಆರತಿ ಎತ್ತಿದಳು. ಆಂಡಾಳ್‌ಳ ಮಗಳ ಮದುವೆಯಲ್ಲಿ ಹಾಡು ಹೇಳುತ್ತಿರುವಾಗಲೇ ಕಾಲಿಗಿಳಿಯಿತು. ಗೋದಮ್ಮ ಪಲ್ಲವಿ ಬಿಡಲಿಲ್ಲ. ಮನೆಗೆ ಬಂದು ದೇವರ ಮುಂದೆ ಕೆನ್ನೆಗೆ ಹೊಡೆದುಕೊಂಡಳು, ಮಾರನೆಯ ವಾರ ಮತ್ತೊಂದು ಛತ್ರಕ್ಕೆ ಹೊರಟಳು.

ಬಚ್ಚಲಲ್ಲಿ ಕುಸಿದು ಬಿದ್ದ ದಿನ ಸೊಸೆ ಯಮುನಾ ಅವಳನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಮಹಾನಂದ ಅವರ ಕ್ಲಿನಿಕ್ಕಿಗೆ ಒಯ್ದಳು. ಮಹಾನಂದ ಆ ಭಾಗದ ಹೆಂಗಸರಿಗೆಲ್ಲ ಹೆರಿಗೆ ಮಾಡಿಸಿದ ಹಳೆಯ ಡಾಕ್ಟರು. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಯಮುನಾಳನ್ನು ಹೊರಗೆ ಕೂರಿಸಿ ಕೇಳಿದರು.

"ಎಷ್ಟು ದಿನದಿಂದ ಹೋಗ್ತಿದೆ ಅಮ್ಮ?"

"ಒಂದು ವರ್ಷ ಆಯ್ತೇನೋ."

"ಒಂದು ವರ್ಷ ಸುಮ್ನೆ ಯಾಕಿದ್ರಿ?"

"ಮದುವೆ ಸೀಸನ್ ಇತ್ತು ಡಾಕ್ಟ್ರೇ" ಎಂದಳು ಗೋದಮ್ಮ.

ಒಳಗಿಂದ ತೆಗೆದು ಪರೀಕ್ಷೆಗೆ ಕಳಿಸಿದ ಚೂರಿನ ಫಲಿತಾಂಶ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಆಗಲೇ ಹರಡಿತ್ತು. ಮಹಾನಂದ ಸುತ್ತಿ ಬಳಸಿ ಮಾತಾಡುವವರಲ್ಲ. "ಇದು ಒಂದು ವೈರಸ್‌ನಿಂದ ಬರುತ್ತೆ. ಗಂಡು ಹೆಣ್ಣು ಸೇರೋದ್ರಿಂದ ಹರಡುತ್ತೆ. ಎಷ್ಟೋ ಜನಕ್ಕೆ ಬಂದು ತಾನೇ ಹೋಗಿಬಿಡುತ್ತೆ, ಗೊತ್ತೂ ಆಗಲ್ಲ. ಕೆಲವರಲ್ಲಿ ಮಾತ್ರ ಇಪ್ಪತ್ತು ಮೂವತ್ತು ವರ್ಷ ಒಳಗೇ ಕೂತಿದ್ದು ಹೀಗೆ ಮಾಡುತ್ತೆ."

ಗೋದಮ್ಮ ತಾಳಿ ಹಿಡಿದುಕೊಂಡಳು. "ನನಗೆ ನಮ್ಮನೆಯವರೊಬ್ಬರೇ ಡಾಕ್ಟ್ರೇ. ಮಂಗಳಗೌರಿಯಾಣೆ."

"ಆಣೆ ಬೇಡಮ್ಮ. ಒಬ್ಬರಿದ್ರೆ ಸಾಕು ಇದಕ್ಕೆ. ಯಾರಿಂದ ಯಾವಾಗ ಬಂತು ಅಂತ ಯಾರೂ ಹೇಳೋಕಾಗಲ್ಲ, ಈಗ ಹುಡುಕಿ ಏನೂ ಪ್ರಯೋಜನಾನೂ ಇಲ್ಲ."

ಡಾಕ್ಟರು ಹುಡುಕಬೇಡ ಎಂದರೂ ಗೋದಮ್ಮನ ಮನಸ್ಸು ಕೊಲ್ಹಾಪುರದವರೆಗೆ ಹೋಗಿ ಬಂತು. ಆಮೇಲೆ ಅವಳು ಕೇಳಿದ್ದು ತನ್ನ ವಿಷಯವನ್ನಲ್ಲ. "ಇದು ಬರದೇ ಇರೋ ಹಾಗೆ ಏನಾದ್ರೂ ಇದೆಯಾ?"

"ಲಸಿಕೆ ಇದೆ. ಈಗ ಹಾಕಿದ್ರೆ ನಿಮಗೆ ಉಪಯೋಗಕ್ಕೆ ಬರಲ್ಲ. ಒಂಬತ್ತರಿಂದ ಹದಿನಾಲ್ಕು ವರ್ಷದ ಹುಡುಗೀರಿಗೆ ಹಾಕಿಸಿದ್ರೆ ತುಂಬ ಒಳ್ಳೇದು. ವೈರಸ್ ಬರೋಕೆ ದಾರಿ ಆಗೋ ಮುಂಚೆನೇ ಬಾಗಿಲು ಹಾಕ್ಬೇಕಲ್ವಾ? ಗೌರಿ ಗಣೇಶ ಹಬ್ಬ ಕಳೆದ ಮೇಲೆ ನಿಮ್ಮ ಹತ್ತಿರದ ಶಾಲೇಲೇ ಕ್ಯಾಂಪ್ ಮಾಡ್ತಿದೀನಿ. ನಿಮ್ಮ ಮೊಮ್ಮಗಳೂ ಅದೇ ಶಾಲೆ ತಾನೇ?"

ಮೊಮ್ಮಗಳು ಆರಾಧನಾಗೆ ಹದಿಮೂರು. ಗೋದಮ್ಮ ಜೀವನದಲ್ಲಿ ಲೆಕ್ಕವಿಡದೆ ಪ್ರೀತಿಸಿದ್ದು ಆ ಹುಡುಗಿಯೊಬ್ಬಳನ್ನು. ತಾನು ಹೋಗುವುದು ಖಂಡಿತ ಎಂದು ಆ ದಿನವೇ ಅವಳಿಗೆ ತಿಳಿಯಿತು. ಹೋಗುವ ಮೊದಲು ಈ ಹುಡುಗಿಯ ತೋಳಿಗೆ ಆ ಸೂಜಿ ಚುಚ್ಚಿಸಬೇಕು. ಆಟೋದಲ್ಲಿ ವಾಪಸು ಬರುವಾಗ ಅವಳು ದೇವರಲ್ಲಿ ಕೇಳಿಕೊಂಡದ್ದು ಇಷ್ಟೇ. ಬೇರೆ ಏನನ್ನೂ ಕೇಳಲಿಲ್ಲ.

ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತನ್ನೇ ಆಡಲಿಲ್ಲ. ಬೀದಿಗೆ "ಗಡ್ಡೆ" ಎಂದರು, ರೇಡಿಯೇಷನ್ನಿನ ಕರೆಂಟು ಕೊಡಿಸಲು ದೊಡ್ಡಾಸ್ಪತ್ರೆಗೆ ಹೋಗುವಾಗ "ದೇವಸ್ಥಾನಕ್ಕೆ" ಎಂದರು. ಗೋದಮ್ಮ ಒಂದು ಭಾನುವಾರ, ಕಾಳು ಬಿಡಿಸುತ್ತಾ ಕುಳಿತಿದ್ದ ಸೊಸೆಯ ಪಕ್ಕ ಕುಳಿತು ಲಸಿಕೆಯ ಮಾತೆತ್ತಿದಳು.

ಯಮುನಾಗೆ ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿನಿಂದ ಎಲ್ಲ ಗೊತ್ತಿತ್ತು. "ಅಮ್ಮ, ಅದು ಎಂಥದಕ್ಕೆ ಅಂತ ಗೊತ್ತಾ ನಿಮಗೆ? ಗುಂಪಲ್ಲಿ ಎಲ್ಲರೂ ನಗ್ತಿದಾರೆ. ನಮ್ಮ ಮಕ್ಕಳಿಗೆ ಅದರ ಅವಶ್ಯಕತೆ ಏನು ಅಂತ. ಹಾಕ್ಸಿದ್ರೆ, ನಿಮ್ಮ ಹುಡುಗಿ ಅಂಥಾದ್ದೇನು ಮಾಡೋಕೆ ಹೊರಟಿದಾಳೆ ಅಂತ ಕೇಳ್ತಾರೆ."

"ಮಾಡೋ ಮುಂಚೆನೇ ಹಾಕಿಸ್ಬೇಕಂತೆ ಕಣೆ. ಮದುವೆ ಆದ ಮೇಲೂ ಬರುತ್ತೆ."

"ಸರಿ, ಹಾಗಾದ್ರೆ ಮದುವೆ ನಿಶ್ಚಯ ಆದ್ಮೇಲೆ ಹಾಕ್ಸೋಣ. ಬ್ಲೌಸ್ ಹೊಲಿಯೋಕೆ ಕೊಡೋ ಟೈಮಲ್ಲಿ ಅದೂ ಒಂದು ಆಗುತ್ತೆ."

ಸೊಸೆ ಕೆಟ್ಟವಳಲ್ಲ. ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ದವಳು ಅವಳೇ, ಹೊಲಸು ಬಟ್ಟೆ ಒಗೆದವಳೂ ಅವಳೇ. ಆದರೆ ಅವಳು ಈ ಬೀದಿಗೆ ಸೊಸೆಯಾಗಿ ಬಂದು, ಇದೇ ಗೋದಮ್ಮನ ಕೈಕೆಳಗೆ, ಜನ ಏನಂದಾರು ಎಂಬ ಒಂದೇ ಪಾಠವನ್ನು ವರ್ಷಗಟ್ಟಲೆ ಓದಿದ್ದಳು. ಚೆನ್ನಾಗಿ ಕಲಿತಿದ್ದಳು. ಮಗ ಶ್ರೀಹರಿಯನ್ನು ಕೇಳಿದರೆ ಅವನು ಕಿವಿಯಿಂದ ಇಯರ್‌ಫೋನ್ ತೆಗೆದು, "ಹೆಣ್ಮಕ್ಕಳ ವಿಷಯ ನನಗೇನು ತಿಳಿಯುತ್ತಮ್ಮ, ಯಮುನಾನ ಕೇಳು" ಎಂದು ಮತ್ತೆ ಸಿಕ್ಕಿಸಿಕೊಂಡ.

ಉಳಿದವನು ಶೀನಣ್ಣ. ಮನೆಯಲ್ಲಿ ಅವನ ಮಾತಿಗೆ ಸೊಸೆ ಎದುರಾಡುತ್ತಿರಲಿಲ್ಲ. ಮಧ್ಯಾಹ್ನ ಊಟವಾಗಿ ಅವನು ಈಸಿಚೇರಿನಲ್ಲಿ ಅಡಿಕೆ ಕತ್ತರಿಸುತ್ತಿದ್ದಾಗ ಗೋದಮ್ಮ ಎದುರಿಗೆ ನಿಂತಳು. ಸೊಂಟದಲ್ಲಿ ನೋವು, ಗೋಡೆ ಹಿಡಿದಿದ್ದಳು.

"ರೀ, ನಾನು ನಿಮ್ಮನ್ನ ಏನೂ ಕೇಳಲ್ಲ. ಯಾವೂರು, ಯಾರು, ಎತ್ತ, ಒಂದೂ ಕೇಳಲ್ಲ. ಯಮುನಂಗೆ ಒಂದು ಮಾತು ಹೇಳಿ. ಆರಾಧನಂಗೆ ಆ ಇಂಜೆಕ್ಷನ್ ಹಾಕಿಸು ಅಂತ. ನಿಮ್ಮ ಮಾತು ತೆಗೆದುಹಾಕಲ್ಲ ಅವಳು."

ಶೀನಣ್ಣ ಅಡಿಕೆಯನ್ನೇ ನೋಡುತ್ತ, "ನಾನು ಹೇಳಿದ್ರೆ ಏನರ್ಥ ಆಗುತ್ತೆ ಗೊತ್ತಾ? ಮಾವನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಅಂದುಕೊಳ್ಳಲ್ವಾ? ಸುಮ್ನಿರು. ಈ ವಯಸ್ಸಲ್ಲಿ ನನ್ನ ಮಾನ ಕಳೀಬೇಡ" ಎಂದ.

ಅವಳ ಜೀವ, ಮೊಮ್ಮಗಳ ಜೀವ ಒಂದು ಕಡೆ. ಇವನ ಮಾನ ಇನ್ನೊಂದು ಕಡೆ. ಮಾನವೇ ಭಾರವಾಯಿತು. ಇಂಥ ಗಂಡಂದಿರನ್ನು ದೇವರು ಗಟ್ಟಿಮುಟ್ಟಾಗಿ ಇಟ್ಟಿರುತ್ತಾನೆ. ಅವರ ಆಯುಸ್ಸಿಗಾಗಿ ಹೆಂಡಂದಿರು ವರ್ಷವರ್ಷ ವ್ರತ ಮಾಡುತ್ತಿರುತ್ತಾರೆ!

ಗೋದಮ್ಮ ಆಮೇಲೆ ಯಾರನ್ನೂ ಬೇಡಲಿಲ್ಲ. ಅವಳ ತಲೆಯಲ್ಲಿ ಒಂದು ಯೋಚನೆ ಬಂತು. ಈ ಬೀದಿಯಲ್ಲಿ ಪಟ್ಟ ಸಿಕ್ಕವಳು ಮಾತ್ರ ಮಾಡಬಹುದಾದ ತಪ್ಪು ಅದು. ತನ್ನ ಮಾತಿಗೆ ಬೆಲೆ ಇದೆ ಎಂದು ಅವಳು ನಂಬಿದ್ದಳು. ಬಾಗಿನ ಹಿಡಿದ ಮುತ್ತೈದೆಯ ಬಾಯಿಂದ ಬಂದದ್ದನ್ನು ತಳ್ಳಿಹಾಕುವ ಎದೆ ಯಾರಿಗಿದೆ? ಬೀದಿಯ ಹೆಂಗಸರೆಲ್ಲ ಒಪ್ಪಿ ತಮ್ಮ ಹುಡುಗಿಯರನ್ನು ಕಳಿಸಿದರೆ ಜನ ಏನಂದಾರು ಎಂಬ ಯಮುನಾಳ ಹೆದರಿಕೆಯೂ ಹೋಗುತ್ತದೆ, ಎಲ್ಲರ ಜೊತೆ ಆರಾಧನಾಗೂ ಆಗುತ್ತದೆ. ಲೆಕ್ಕವೇನೋ ಸರಿಯಾಗಿತ್ತು. ಒಂದನ್ನು ಮಾತ್ರ ಅವಳು ಮರೆತಳು. ಇಷ್ಟು ವರ್ಷ ಆ ಹೆಂಗಸರು ಕೈಮುಗಿದದ್ದು ಗೋದಮ್ಮನಿಗಲ್ಲ, ಅವಳ ಅದೃಷ್ಟಕ್ಕೆ.

ಗೌರಿಹಬ್ಬ ಬಂತು. ಗೋದಮ್ಮ ಕರೆಂಟಿನಿಂದ ಸುಟ್ಟ ಮೈಗೆ ಹದವಾಗಿ ರೇಷ್ಮೆ ಸುತ್ತಿಕೊಂಡು, ನೋವಿನ ಮಾತ್ರೆ ನುಂಗಿ, ಎದುರು ಮನೆಗೆ ಹೋದಳು. ಪ್ರತಿವರ್ಷ ಆಂಡಾಳ್ ಮನೆಯ ಹಾಲಿನಲ್ಲೇ ಬೀದಿಯ ಹೆಂಗಸರೆಲ್ಲ ಸೇರಿ ಗೌರಿ ಪೂಜೆ ಮಾಡುವುದು. ಯಮುನಾ ಮಗಳ ಜೊತೆ ಮೊದಲೇ ಹೋಗಿ ಹೂ ಕಟ್ಟುತ್ತಿದ್ದಳು. ಆಂಡಾಳ್ ಮೊದಲ ಬಾಗಿನ ತಂದು ಸೆರಗಿನ ತುದಿ ಹಿಡಿದು ನಿಂತಳು. ಗೋದಮ್ಮ ಮೊರ ಹಿಡಿದಳು. ಎಲ್ಲರೂ ಆಶೀರ್ವಾದಕ್ಕೆ ತಲೆ ಬಾಗಿಸಿದರು.

"ಇವತ್ತು ನಾನು ಒಂದು ಮಾತು ಕೇಳ್ತೀನಿ, ನಡೆಸಿಕೊಡ್ಬೇಕು" ಎಂದಳು ಗೋದಮ್ಮ. "ಹಬ್ಬ ಆದ್ಮೇಲೆ ಶಾಲೇಲಿ ಮಹಾನಂದ ಡಾಕ್ಟ್ರು ಹಾಕೋ ಇಂಜೆಕ್ಷನ್ನ ನಿಮ್ಮ ನಿಮ್ಮ ಹುಡುಗೀರಿಗೆ ಹಾಕಿಸಿ. ನನಗಿರೋದು ಗಡ್ಡೆ ಅಲ್ಲ, ಗರ್ಭಕೋಶದ ಬಾಯಿ ಕ್ಯಾನ್ಸರ್. ಆ ಇಂಜೆಕ್ಷನ್ ಇದಕ್ಕೇನೇ. ನಾನು ಒಬ್ಬರನ್ನ ಬಿಟ್ಟು ಇನ್ನೊಬ್ಬರ ಮುಖ ನೋಡಿದವಳಲ್ಲ. ಆದರೂ ಬಂತು. ನೀವು ಎಷ್ಟು ಒಳ್ಳೇವರಾಗಿದ್ರೂ ಬರುತ್ತೆ. ಒಂದು ವರ್ಷ ರಕ್ತ ಹೋಗ್ತಿದ್ರೂ ಬಾಯಿ ಮುಚ್ಕೊಂಡಿದ್ದೆ, ಅದಕ್ಕೇ ಈ ಗತಿ. ನಿಮ್ಮ ಮಕ್ಕಳಿಗೆ ಬೇಡ."

ಹೇಳಿ ಮುಗಿಸಿದಾಗ ಗೋದಮ್ಮನ ಎದೆ ಹಗುರಾಯಿತು. ಯಮುನಾ ಹೂವಿನ ದಾರ ಕೈಯಲ್ಲಿ ಹಿಡಿದು ಕಲ್ಲಾಗಿದ್ದಳು. ಮೊದಲು ಬಾಯಿ ತೆರೆದವಳು ಆಂಡಾಳ್.

"ಒಂದು ವರ್ಷದಿಂದ ರಕ್ತ ಹೋಗ್ತಿತ್ತಾ?"

"ಹೌದು ಕಣೆ."

"ನನ್ನ ಮಗಳ ಮದುವೇಲಿ?"

ಗೋದಮ್ಮ ಸುಳ್ಳು ಹೇಳಬಹುದಿತ್ತು. ಸೆರಗಿನಡಿ ಬಾಗಿನವಿತ್ತು, ಎದುರಿಗೆ ಗೌರಿ ಕುಳಿತಿದ್ದಳು, ನಾಲಿಗೆ ಹೊರಳಲಿಲ್ಲ.

"ಹೇಳು ಗೋದಾ. ನನ್ನ ಮಗಳ ಹಸೆಗೆ ಆರತಿ ಎತ್ತಿದಾಗ ನೀನು ಮೈಲಿಗೆಯಲ್ಲಿದ್ಯಾ?" ಆಂಡಾಳ್‌ಳ ಮಗಳು ಮದುವೆಯಾದ ವರ್ಷದಲ್ಲೇ ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಳು. ಕಾರಣ ಏನೆಂದು ತಾಯಿ ಊರಿಗೆ ಹೇಳಿರಲಿಲ್ಲ. ಈಗ ಹೇಳಲು ಒಂದು ಕಾರಣ ಸಿಕ್ಕಿತು. "ಅದಕ್ಕೇ ನನ್ನ ಮಗಳ ಬಾಳು ಹೀಗಾಯ್ತು! ಗೌರಮ್ಮಾ, ನೋಡಿದೆಯಾ ತಾಯಿ!"

ಅಷ್ಟು ಸಾಕಾಯಿತು. ಹಾಲಿನಲ್ಲಿದ್ದ ಒಬ್ಬೊಬ್ಬಳೂ ಬೆರಳು ಮಡಿಸಿ ಎಣಿಸತೊಡಗಿದಳು. ನಮ್ಮ ಗೃಹಪ್ರವೇಶ ಯಾವಾಗ? ಸೀಮಂತ ಯಾವಾಗ? ಮಗು ನಿಲ್ಲಲಿಲ್ಲವಲ್ಲ, ಆಗಲೇ ಅಲ್ಲವೇ? ಅತ್ತೆ ಬಿದ್ದು ಸೊಂಟ ಮುರಿದುಕೊಂಡದ್ದು, ಪ್ರಮೋಷನ್ ತಪ್ಪಿದ್ದು, ಕಾರು ಗುದ್ದಿದ್ದು, ಒಂದು ವರ್ಷದಲ್ಲಿ ಬೀದಿಗೆ ಬಂದ ಕೇಡೆಲ್ಲ ಗೋದಮ್ಮನ ಕಾಲಬುಡಕ್ಕೆ ಬಂದು ಬಿತ್ತು. ಸಾಯುವ ಕಾಯಿಲೆ ಎಂದು ಅವಳು ಹೇಳಿದ್ದನ್ನು ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಒಬ್ಬಳೂ "ಅಯ್ಯೋ" ಎನ್ನಲಿಲ್ಲ. ಆಂಡಾಳ್ ತನ್ನ ಸೆರಗು ಕಿತ್ತುಕೊಂಡು, ಮೊರವನ್ನು ಗೋದಮ್ಮನ ಕೈಯಿಂದ ತೆಗೆದು, ತನ್ನ ಸೊಸೆಗೆ "ಇದನ್ನ ಹಿತ್ತಲಿಗೆ ಹಾಕು" ಎಂದಳು. ಆಮೇಲೆ ತಿರುಗಿ, ಸಕ್ಕರೆಯಂಥ ದನಿಯಲ್ಲಿ, "ನೀವು ಮನೆಗೆ ಹೋಗಿ ಮಲಗಿಕೊಳ್ಳಿ, ಆಯಾಸ ಆಗಿರುತ್ತೆ" ಎಂದಳು. ತಾನು ಮಾಡಿದ್ದು ತನಗೆ ಎನ್ನುತ್ತಾರೆ. ಗೋದಮ್ಮನಿಗೆ ಅದು ಬಡ್ಡಿ ಸಮೇತ ಬಂತು.

ಬೀದಿಯ ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮುಖ ನೋಡಿಲ್ಲ ಎಂದಳಲ್ಲ, ಹಾಗಾದರೆ ಬಂದದ್ದೆಲ್ಲಿಂದ? ಗಂಡ ಅರ್ಧ ತಿಂಗಳು ಪರ ಊರಿನಲ್ಲಿರುತ್ತಿದ್ದ, ಮನೆಯಲ್ಲಿ ಇವಳೊಬ್ಬಳೇ, ಆ ಕಂಠ, ಆ ಕುಂಕುಮ, ಆ ಠೀವಿ. ಉಳಿದದ್ದನ್ನು ಅವರವರೇ ತುಂಬಿಕೊಂಡರು. ದೇವಸ್ಥಾನದ ಜಗುಲಿಯಲ್ಲಿ ಯಾರೋ ಶೀನಣ್ಣನನ್ನೇ ನೇರವಾಗಿ ಕೇಳಿದರು. ಅವನು ಕನ್ನಡಕ ಒರೆಸುತ್ತ, "ನನಗೇನು ಗೊತ್ತು ಸ್ವಾಮಿ? ನಾನು ಊರಲ್ಲೇ ಇರ್ತಿರಲಿಲ್ಲವಲ್ಲ" ಎಂದ.

ಆ ಮಾತು ಸಂಜೆಯೊಳಗೆ ಮನೆ ಮನೆ ತಲುಪಿತು, ಕೊನೆಗೆ ಗೋದಮ್ಮನಿಗೂ ತಲುಪಿತು. ಬಂಗಾರದಂಥ ಮನುಷ್ಯ, ಪಾಪ, ಎಂದು ನಾಲ್ಕು ಮನೆಯಿಂದ ಅವನಿಗೆ ಹುಳಿ ಪಲ್ಯ ಬರತೊಡಗಿತು. ಅವನು ಬೇಡವೆನ್ನಲಿಲ್ಲ. ಗೋದಮ್ಮ ಮಲಗಿದ್ದ ಕೋಣೆಯ ಬಾಗಿಲಾಚೆ ಕುಳಿತು, ಚಪ್ಪರಿಸಿ ತಿಂದು, "ಉಪ್ಪು ಸ್ವಲ್ಪ ಮುಂದು" ಎನ್ನುತ್ತಿದ್ದ.

ಹಬ್ಬ ಕಳೆದು ಶಾಲೆಯಲ್ಲಿ ಕ್ಯಾಂಪಿನ ದಿನ ಬಂತು. ಯಾರೂ ಬರುವುದಿಲ್ಲ ಎಂದು ಮಹಾನಂದ ಅಂದುಕೊಂಡಿದ್ದರಂತೆ. ಬೆಳಿಗ್ಗೆ ನೋಡಿದರೆ ಗೇಟಿನಾಚೆ ಸಾಲು. ಗೋದಮ್ಮನ ಮುಖಕ್ಕೆ ಛೀ ಎಂದವರೆಲ್ಲ ಮಗಳ, ಮೊಮ್ಮಗಳ ರಟ್ಟೆ ಹಿಡಿದು ನಿಂತಿದ್ದರು. ಬಾಯಿ ಏನೇ ಹೇಳಲಿ, ಹೆದರಿಕೆ ಕಾಲಿಗಿಳಿದಿತ್ತು. ಎಲ್ಲರಿಗಿಂತ ಮುಂದೆ ಆಂಡಾಳ್, ಮಗನ ಮಗಳ ಜೊತೆ. "ಆ ಹೆಂಗಸಿನ ಗತಿ ನಮ್ಮ ಹುಡುಗಿಗೆ ಬರೋದು ಬೇಡ ಡಾಕ್ಟ್ರೇ" ಎಂದು ಅವಳೇ ಹುಡುಗಿಯ ತೋಳು ಎತ್ತಿ ಹಿಡಿದಳು. ಇಡೀ ಬೀದಿಯ ಹುಡುಗಿಯರಿಗೆ ಸೂಜಿ ಬಿತ್ತು. ಗೋದಮ್ಮ ಹಬ್ಬದ ದಿನ ಬೇಡಿಕೊಂಡದ್ದು ಅಕ್ಷರಶಃ ನಡೆಯಿತು.

ಆರಾಧನಾ ಮಾತ್ರ ಬರಲಿಲ್ಲ. ಯಮುನಾ ಅವಳನ್ನು ಆ ದಿನ ಶಾಲೆಗೇ ಕಳಿಸಲಿಲ್ಲ.

"ಎಲ್ಲರೂ ಹಾಕಿಸ್ತಿದಾರೆ ಕಣೆ ಯಮುನಾ. ಇನ್ನೇನು ಹೆದರಿಕೆ?" ಎಂದು ಗೋದಮ್ಮ ಹಾಸಿಗೆಯಿಂದಲೇ ಕೂಗಿದಳು. ಯಮುನಾ ಬಾಗಿಲಲ್ಲಿ ಬಂದು ನಿಂತಳು. ಅಷ್ಟು ದಿನ ಅದುಮಿಟ್ಟದ್ದೆಲ್ಲ ಹೊರಗೆ ಬಂತು.

"ಅವರು ಹಾಕಿಸಿದ್ರೆ ಜಾಣತನ ಅಮ್ಮ. ನಾವು ಹಾಕಿಸಿದ್ರೆ ಮನೆತನದ ಕಾಯಿಲೆ. ಅಜ್ಜಿ ಥರಾನೇ ಇವಳೂ ಅಂತಾರೆ. ಆ ಸಾಲಲ್ಲಿ ಇವಳನ್ನ ನಿಲ್ಲಿಸಿದ್ರೆ ಎಲ್ಲರೂ ಇವಳನ್ನೇ ನೋಡ್ತಾರೆ. ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಯಾವತ್ತೋ ಒಂದು ದಿನ ನಾನೇ ಗುಟ್ಟಾಗಿ ಹಾಕಿಸಿಬಿಡ್ತಿದ್ದೆನೇನೋ. ಈಗ ಹೇಗೆ ಹಾಕಿಸ್ಲಿ? ಹೇಳಿ, ಹೇಗೆ ಹಾಕಿಸ್ಲಿ?"

ಗೋದಮ್ಮ ಹಟ ಬಿಡಲಿಲ್ಲ. ಯಮುನಾ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಶಾಲೆ ಬೇಗ ಬಿಟ್ಟು ಬಂದ ಮೊಮ್ಮಗಳ ಹೆಗಲು ಹಿಡಿದು ಆಟೋ ಹತ್ತಿದಳು. ಅದು ರಸ್ತೆಯ ಗುಂಡಿಗಿಳಿದು ಏಳುವಾಗ ನೋವಿಗೆ ಸೆರಗು ಕಚ್ಚಿಕೊಂಡಳು. ಮಹಾನಂದ ಅವಳನ್ನು ಒಳಗೆ ಕರೆದು ಮಲಗಿಸಿದರು, ನೀರು ಕುಡಿಸಿದರು. ಆದರೆ ಅಪ್ಪನೋ ಅಮ್ಮನೋ ಒಪ್ಪದೆ ಮಗುವಿಗೆ ಲಸಿಕೆ ಹಾಕುವಂತಿಲ್ಲ ಎಂದರು. ತಾವೇ ಶ್ರೀಹರಿಗೆ ಫೋನು ಮಾಡಿ ಬಿಡಿಸಿ ಹೇಳಿದರು. ಅವನು, "ಯಮುನಾನ ಕೇಳಿ ಹೇಳ್ತೀನಿ ಮೇಡಂ" ಎಂದ. ಕೇಳಿದನೋ ಇಲ್ಲವೋ, ಹೇಳಲಂತೂ ಇಲ್ಲ. ಆ ದಿನದ ಪ್ರಯಾಣಕ್ಕೆ ಗೋದಮ್ಮ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

ಕೊನೆಯ ದಿನಗಳಲ್ಲಿ ಅವಳ ಕೋಣೆಗೆ ಯಾರೂ ಬರುತ್ತಿರಲಿಲ್ಲ. ವಾಸನೆ ಇತ್ತು. ಊದುಬತ್ತಿ ಹಚ್ಚಿಡುತ್ತಿದ್ದರು, ಅದರಿಂದ ವಾಸನೆ ಇನ್ನಷ್ಟು ಕೆಟ್ಟದಾಗುತ್ತಿತ್ತು. ಮಾತ್ರೆಯ ಮಂಪರಿನಲ್ಲೂ ಅವಳದು ಒಂದೇ ಜಪ. "ಹಾಕಿಸಿದ್ರಾ? ಮಗೂಗೆ ಹಾಕಿಸಿದ್ರಾ?" ಹಾಲು ತಂದರೂ ಅದೇ, ಮಗ್ಗಲು ಬದಲಿಸಿದರೂ ಅದೇ. ಶೀನಣ್ಣ ಟೀವಿ ಸದ್ದು ಜೋರು ಮಾಡಿದ. ಯಮುನಾ ಕಿವಿ ಮುಚ್ಚಿಕೊಂಡು ಅಡುಗೆಮನೆಯಲ್ಲಿ ಅತ್ತಳು.

ಒಂದು ಸಂಜೆ ಯಮುನಾ ಮಗಳನ್ನು ಕರೆದುಕೊಂಡು ಒಳಗೆ ಬಂದಳು. "ಅಮ್ಮ, ನೋಡಿ, ಹಾಕಿಸ್ಕೊಂಡು ಬಂದ್ವಿ. ಮಹಾನಂದ ಡಾಕ್ಟ್ರ ಹತ್ರಾನೇ" ಎಂದಳು. ಆರಾಧನಾ ತೋಳು ಮುಂದೆ ಮಾಡಿದಳು. ತೋಳಿನ ಮೇಲೆ ಗುಂಡಗೆ ಒಂದು ಪ್ಲಾಸ್ಟರ್.

ಗೋದಮ್ಮನ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಕೈಯೆತ್ತಲಾರದವಳು ಹೇಗೋ ಎತ್ತಿ ಸೊಸೆಯ ತಲೆ ಮುಟ್ಟಿದಳು. "ನೀನು ನನ್ನ ತಾಯಿ ಕಣೆ. ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಅವಳ ಬಾಯಿಂದ ಎಷ್ಟೋ ಆಶೀರ್ವಾದಗಳು ಬಂದಿದ್ದವು; ಮನಸ್ಸಿನಿಂದ ಬಂದದ್ದು ಪ್ರಾಯಶಃ ಇದೊಂದೇ. ಯಮುನಾ ನೆಲ ನೋಡುತ್ತ ಹಾಲು ತರುವ ನೆಪದಲ್ಲಿ ಹೊರಗೆ ಹೋದಳು.

"ನೋವಾಯ್ತಾ ಪುಟ್ಟಿ?" ಎಂದು ಕೇಳಿದಳು ಗೋದಮ್ಮ.

ಗೋದಮ್ಮ ಅವಳ ತೋಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಚುಚ್ಚಿದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು ಅವಳಿಗೆ, ಅಷ್ಟೇ. ಉಗುರಿನಿಂದ ಪ್ಲಾಸ್ಟರಿನ ಅಂಚು ಬಿಡಿಸಿದಳು. ಕೆಳಗೆ ನುಣುಪಾದ ಚರ್ಮ. ಚುಕ್ಕೆಯಿಲ್ಲ, ಕೆಂಪಿಲ್ಲ, ಊತವಿಲ್ಲ. ಬೆರಳಿಂದ ಸವರಿದಳು. ಇನ್ನೊಂದು ತೋಳನ್ನೂ ತಡವಿದಳು.

"ಅಜ್ಜಿ, ತೆಗೀಬೇಡ" ಎಂದು ಆರಾಧನಾ ಪ್ಲಾಸ್ಟರನ್ನು ಮತ್ತೆ ಒತ್ತಿಕೊಂಡಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೀನು ಹೋಗೋವರೆಗೂ ಹಾಕ್ಕೊಂಡಿರು ಅಂದಿದಾಳೆ ಅಮ್ಮ."

"ಆಮೇಲೆ?" ಎಂದಳು ಗೋದಮ್ಮ.

"ಆಮೇಲೆ ಕಿತ್ತು ಬಿಸಾಕ್ಬಹುದಂತೆ."